ತೊಳೆದರೆ ಹೋಗುವುದು ಯಾವುದು?

ಮಾಘ ಕಳೆದು ಫಾಲ್ಗುಣದ ಬಿಸಿಲು ಹದವಾಗಿ ಏರುತ್ತಿದ್ದ ಒಂದು ಮಧ್ಯಾಹ್ನ, ಬಸವನಗುಡಿಯ ಹಳೆಯ ಮನೆಯೊಂದರ ತಾರಸಿಯ ಮೇಲೆ ಹಾಸಿದ ಪಂಚೆಯ ತುಂಬ ಅರಳು ಸಂಡಿಗೆ ಒಣಗುತ್ತಿತ್ತು. ಅದರ ಮಗ್ಗುಲಲ್ಲಿ, ಹಸೆಗೆ ಕೂರಿಸಿದ ಮದುವಣಿಗನಂತೆ, ಒಂದು ಮಣೆಯ ಮೇಲೆ ನೆರಿಗೆ ನೆರಿಗೆಯಾದ ಬಿಳಿಯ ಉರುಳೆಯೊಂದು ನೀರು ಸೋರಿಸಿಕೊಳ್ಳುತ್ತ ಕುಳಿತಿತ್ತು. ಮನೆಯ ಯಜಮಾನರು ನಿವೃತ್ತ ಕನ್ನಡ ಅಧ್ಯಾಪಕರು. ಅವರನ್ನು ಕಾಣಲು ಬಂದ ಮಿತ್ರರು ಔಷಧ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಗಾಳಿಯನ್ನು ನಿರ್ಮಲವಾಗಿಡುವ ಕೆಲಸವನ್ನು ಬಹುಕಾಲ ನೋಡಿಕೊಂಡವರು.

ಮಿತ್ರರು: ಇದೇನು ಸ್ವಾಮಿ, ಸಂಡಿಗೆಯ ಜೊತೆಗೆ ಇದನ್ನೂ ಕರಿಯುವ ಸಂಕಲ್ಪವುಂಟೆ?

ಯಜಮಾನರು: ಪರಿಹಾಸ್ಯವನ್ನು ಕಾಫಿಯಾದ ಮೇಲೆ ಮಾಡುವಿರಂತೆ, ಮೊದಲು ನೆರಳಿಗೆ ಬನ್ನಿ. ಮನೆಯವಳಿಗೆ ಉಬ್ಬಸವೆಂದು ಮಗಳು ದೆಹಲಿಯಿಂದ ಒಂದು ಗಾಳಿ ಶುದ್ಧಿಯ ಯಂತ್ರವನ್ನು ಕಳುಹಿಸಿದಳಲ್ಲ, ಅದರ ಫಿಲ್ಟರು ಇದು. ಮೊನ್ನೆ ಇದ್ದಕ್ಕಿದ್ದಂತೆ ಯಂತ್ರದ ನೆತ್ತಿಯಲ್ಲಿ ಕೆಂಪು ದೀಪವೊಂದು ಹತ್ತಿಕೊಂಡು, ಫಿಲ್ಟರು ಬದಲಾಯಿಸಿ ಎಂದು ಅಪ್ಪಣೆ ಮಾಡತೊಡಗಿತು. ಅಂಗಡಿಯಲ್ಲಿ ವಿಚಾರಿಸಿದರೆ, ಈ ಕಾಗದದ ಉರುಳೆಯೊಂದಕ್ಕೆ ನನ್ನ ತಂದೆಯವರು ತಮ್ಮ ಸೇವಾವಧಿಯಲ್ಲಿ ಒಂದು ವರ್ಷಕ್ಕೂ ಕಾಣದ ಮೊತ್ತವನ್ನು ಕೇಳುತ್ತಾರೆ. ತೊಳೆಯಲು ಬರುವ ವಸ್ತುವನ್ನು ಎಸೆಯುವುದು ನಾನು ಹುಟ್ಟಿದ ಮನೆಯಲ್ಲಿ ಪಾಪವಾಗಿತ್ತು. ಆದುದರಿಂದ ನಿನ್ನೆ ರಾತ್ರಿ ಸೋಪಿನ ಪುಡಿ ಕದಡಿದ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ನಾಲ್ಕು ನೀರಿನಲ್ಲಿ ಜಾಲಿಸಿ, ಇಗೋ ಬಿಸಿಲಿಗಿಟ್ಟಿದ್ದೇನೆ. ಬೂದಿಯ ಬಣ್ಣವಾಗಿದ್ದುದು ಮಲ್ಲಿಗೆಯಂತಾಗಿದೆ, ನೋಡಿ.

ಮಿತ್ರರು: ಮಲ್ಲಿಗೆಯಂತೆಯೇ ಆಗಿದೆ. ಮಲ್ಲಿಗೆ ಎಷ್ಟು ಗಾಳಿ ಸೋಸೀತೋ ಇದೂ ಸರಿಸುಮಾರು ಅಷ್ಟೇ ಸೋಸೀತು.

ಯಜಮಾನರು: ನೀವೂ ಅಂಗಡಿಯವರ ಪಕ್ಷವೆ? ನಮ್ಮ ಅಡುಗೆಮನೆಯ ಹಿತ್ತಾಳೆಯ ಕಾಫಿ ಫಿಲ್ಟರನ್ನು ನೋಡಿದ್ದೀರಿ. ನನ್ನ ತಾಯಿ ಈ ಮನೆಗೆ ಕಾಲಿಟ್ಟಂದು ತಂದದ್ದು. ಡಿಕಾಕ್ಷನ್ ಇಳಿಯದೆ ಮೊಂಡು ಹಿಡಿದರೆ ಮೇಲಿನ ಬಟ್ಟಲನ್ನು ಒಲೆಯ ಉರಿಗೆ ಹಿಡಿಯುವುದು, ರಂಧ್ರಗಳಲ್ಲಿ ಸಿಕ್ಕಿದ ಪುಡಿ ಸುಟ್ಟು ಕರಿಯಾದ ಮೇಲೆ ತಲೆಕೆಳಗಾಗಿಸಿ ತಟ್ಟುವುದು, ಹುಣಿಸೆಹಣ್ಣು ಹಾಕಿ ಉಜ್ಜುವುದು, ಅಷ್ಟರಲ್ಲಿ ಅದು ಮತ್ತೆ ಹೊಸದು. ಮೂರು ತಲೆಮಾರಿನ ಕಾಫಿಯನ್ನು ಸೋಸಿದ ಆ ಬಟ್ಟಲು ಒಂದು ದಿನವಾದರೂ ಕೆಂಪು ದೀಪ ತೋರಿಸಲಿಲ್ಲ. ಗಾಳಿಯ ಫಿಲ್ಟರಿಗೆ ಮಾತ್ರ ಆಯುಷ್ಯ ಒಂದು ವರ್ಷವೆಂದು ಯಾವ ಬ್ರಹ್ಮ ಬರೆದ?

ಮಿತ್ರರು: ನಿಮ್ಮ ಸಂಶಯದಲ್ಲಿ ಅರ್ಧ ನ್ಯಾಯವಿದೆ, ಅದನ್ನು ಮೊದಲು ಒಪ್ಪಿಬಿಡುತ್ತೇನೆ. ಆ ಕೆಂಪು ದೀಪ ಅನೇಕ ಯಂತ್ರಗಳಲ್ಲಿ ಧೂಳನ್ನು ನೋಡಿ ಹತ್ತುವುದಲ್ಲ. ಯಂತ್ರ ಎಷ್ಟು ಗಂಟೆ ಓಡಿತೆಂದು ಎಣಿಸಿ, ನಿಗದಿಯಾದ ಸಂಖ್ಯೆ ತುಂಬಿದೊಡನೆ ಹತ್ತುತ್ತದೆ. ಮಡಿಕೇರಿಯ ಮಂಜಿನ ನಡುವೆ ಓಡಿದರೂ ಅದೇ ಲೆಕ್ಕ, ಪೀಣ್ಯದ ಗರಗಸದ ಮಗ್ಗುಲಲ್ಲಿ ಓಡಿದರೂ ಅದೇ ಲೆಕ್ಕ. ಆದ್ದರಿಂದ ದೀಪವನ್ನು ಕಂಡು ನೀವು ಹುಬ್ಬು ಗಂಟಿಕ್ಕಿದ್ದು ಸರಿಯೇ. ಆದರೆ ದೀಪದ ಮೇಲಿನ ಸಿಟ್ಟನ್ನು ಕಾಗದದ ಮೇಲೆ ತೀರಿಸಿಕೊಂಡದ್ದು ಸರಿಯಲ್ಲ. ನನ್ನ ಒಂದು ಪ್ರಶ್ನೆಗೆ ಉತ್ತರ ಕೊಡಿ: ಈ ಕಾಗದ ಧೂಳನ್ನು ಹೇಗೆ ಹಿಡಿಯುತ್ತದೆಂದು ನಿಮ್ಮ ಎಣಿಕೆ?

ಯಜಮಾನರು: ಇದರಲ್ಲಿ ಎಣಿಕೆಯೇನು? ಜರಡಿ ಹಿಡಿದಂತೆ ಹಿಡಿಯುತ್ತದೆ. ತೂತು ಚಿಕ್ಕದು, ಕಣ ದೊಡ್ಡದು, ಆದ್ದರಿಂದ ಕಣ ಇತ್ತ ಉಳಿದು ಗಾಳಿ ಅತ್ತ ಹೋಗುತ್ತದೆ. ಶಾಲೆಯ ಮಕ್ಕಳೂ ಬಲ್ಲ ವಿಷಯ.

ಮಿತ್ರರು: ನಮ್ಮ ಇಂದಿನ ವ್ಯಾಜ್ಯವೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆ. ಇದು ಜರಡಿಯಲ್ಲ. ಈ ಕಾಗದವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಗುಬ್ಬಚ್ಚಿಯ ಗೂಡಿನಂತೆ ಅಡ್ಡಾದಿಡ್ಡಿಯಾಗಿ ಹೆಣೆದ ಎಳೆಗಳು ಕಾಣುತ್ತವೆ. ಎಳೆಯಿಂದೆಳೆಗೆ ಇರುವ ತೆರವು ಅದು ಹಿಡಿಯಬೇಕಾದ ಕಣಗಳಿಗಿಂತ ಎಷ್ಟೋ ಪಾಲು ದೊಡ್ಡದು. ತಲೆಗೂದಲು ಸುಮಾರು 70 ಮೈಕ್ರೋಮೀಟರ್ ದಪ್ಪ. ಈ ಶೋಧಕವನ್ನು ಪರೀಕ್ಷಿಸುವುದು 0.3 ಮೈಕ್ರೋಮೀಟರಿನ ಕಣಗಳಿಂದ. ಅಷ್ಟು ಸಣ್ಣ ತೂತುಗಳ ಜರಡಿಯನ್ನು ಹೆಣೆದರೆ ನಿಮ್ಮ ಯಂತ್ರದ ಪಂಖವಲ್ಲ, ಭೀಮಸೇನನೇ ಬಂದು ಊದಿದರೂ ಗಾಳಿ ಆಚೆ ದಾಟದು.

ಯಜಮಾನರು: ತೂತು ದೊಡ್ಡದು, ಕಣ ಚಿಕ್ಕದು, ಆದರೂ ಕಣ ಸಿಕ್ಕಿಬೀಳುತ್ತದೆ ಎನ್ನುತ್ತೀರಿ. ಇದು ಅದ್ವೈತದ ಚರ್ಚೆಯಂತಾಯಿತಲ್ಲ!

ಮಿತ್ರರು: ಅದ್ವೈತಕ್ಕಿಂತ ಸುಲಭ, ಕೇಳಿ. ಗಾಳಿ ಎಳೆಗಳ ನಡುವೆ ನುಸುಳುವಾಗ ನೇರವಾಗಿ ಹೋಗದೆ ಬಳಸಿ ಬಳಸಿ ಹೋಗುತ್ತದೆ. ಕಣಗಳು ಮೂರು ಬಗೆಯಾಗಿ ಆ ದಾರಿ ತಪ್ಪುತ್ತವೆ. ಭಾರವಾದ ಕಣ ಆಗುಂಬೆಯ ಘಾಟಿಯಲ್ಲಿ ವೇಗವಾಗಿ ಬಂದ ಲಾರಿಯಂತೆ. ಗಾಳಿ ತಿರುಗಿದರೂ ತಾನು ತಿರುಗಲಾರದೆ ಎಳೆಗೆ ಹೋಗಿ ಡಿಕ್ಕಿ ಹೊಡೆಯುತ್ತದೆ. ಅದಕ್ಕಿಂತ ಹಗುರವಾದದ್ದು ಚಿಕ್ಕಪೇಟೆಯ ಓಣಿಯಲ್ಲಿ ಬಟ್ಟೆಯ ಗಂಟು ಹೊತ್ತವನಂತೆ. ದಾರಿಯನ್ನೇನೂ ಬಿಡುವುದಿಲ್ಲ, ಆದರೆ ಗೋಡೆಯ ಹತ್ತಿರ ಹಾಯುವಾಗ ಗಂಟು ಸವರಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಇನ್ನು ಅತ್ಯಂತ ಸೂಕ್ಷ್ಮವಾದ ಕಣ ಜಾತ್ರೆಯಲ್ಲಿ ತಾಯಿಯ ಕೈ ಬಿಟ್ಟ ಮಗುವಿನಂತೆ. ಗಾಳಿಯ ಅಣುಗಳು ಸುತ್ತಲಿಂದ ನೂಕಿದಂತೆಲ್ಲ ಗೊತ್ತುಗುರಿಯಿಲ್ಲದೆ ಅಲೆದು ಅಲೆದು, ಕಡೆಗೊಮ್ಮೆ ಯಾವುದಾದರೊಂದು ಎಳೆಯ ಮಡಿಲಿಗೆ ಬೀಳುತ್ತದೆ. 1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ ನೀರಿನ ಹನಿಯಲ್ಲಿ ಪರಾಗದ ನವುರು ಕಣಗಳ ಅಲೆದಾಟವನ್ನು ಕಂಡನಲ್ಲ, ಆ ಚಲನೆಯೇ ಇದು. ಎಳೆಯನ್ನು ಒಮ್ಮೆ ಮುಟ್ಟಿದ ಕಣ ಮತ್ತೆ ಬಿಡದು. ಅಷ್ಟು ಸಣ್ಣ ವಸ್ತುಗಳ ನಡುವೆ ಅಣುಗಳ ಪರಸ್ಪರ ಆಕರ್ಷಣೆಯೊಂದೇ ಸಾಕು, ಅಂಟು ಬೇಡ.

ಯಜಮಾನರು: ಹಾಗಾದರೆ ದೊಡ್ಡದೂ ಸಿಕ್ಕಿತು, ಅತಿ ಚಿಕ್ಕದೂ ಸಿಕ್ಕಿತು. ತಪ್ಪಿಸಿಕೊಳ್ಳುವುದು ಯಾವುದು?

ಮಿತ್ರರು: ನಡುವಿನದು. ಡಿಕ್ಕಿ ಹೊಡೆಯುವಷ್ಟು ಭಾರವೂ ಇಲ್ಲದ, ಅಲೆದಾಡುವಷ್ಟು ಹಗುರವೂ ಅಲ್ಲದ ತ್ರಿಶಂಕು ಗಾತ್ರದ ಕಣವೊಂದಿದೆ. ಅದೇ ಎಲ್ಲಕ್ಕಿಂತ ಹೆಚ್ಚಾಗಿ ನುಸುಳಿ ಹೋಗತಕ್ಕದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಗೆಯ ಶೋಧನೆಯನ್ನು ಕುರಿತು ಲೆಕ್ಕ ಹಾಕಿದ ಅರ್ವಿಂಗ್ ಲ್ಯಾಂಗ್ಮ್ಯೂರ್ ಅದರ ಗಾತ್ರ 0.3 ಮೈಕ್ರೋಮೀಟರಿನ ಆಸುಪಾಸೆಂದು ಕಂಡುಕೊಂಡ. ಪರೀಕ್ಷೆಗೆ ಆ ಗಾತ್ರವನ್ನೇ ಆರಿಸಿದ್ದು ಅದಕ್ಕೆ; ಅತಿ ಜಾಣ ಕಳ್ಳನನ್ನು ಹಿಡಿದ ಕಾವಲುಗಾರನಿಗೆ ಉಳಿದವರೇನು ದೊಡ್ಡವರಲ್ಲ. ಹತ್ತು ಸಾವಿರ ಅಂಥ ಕಣಗಳು ಬಂದರೆ ಮೂರಕ್ಕಿಂತ ಹೆಚ್ಚು ದಾಟಗೂಡದು, ಎಂದರೆ 99.97 ಪ್ರತಿಶತ ನಿಲ್ಲಬೇಕು ಎಂಬುದು ಅಮೆರಿಕದ ನಿಯಮ. ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಶೋಧಕಕ್ಕೆ ಹೆಪಾ ಎಂದು ಹೆಸರು. ಯುರೋಪಿನವರು ನುಸುಳಲು ಅತ್ಯಂತ ಸಮರ್ಥವಾದ ಗಾತ್ರವನ್ನು ಆಯಾ ಕಾಗದಕ್ಕೇ ಹುಡುಕಿ ಅದರ ಮೇಲೆ ಅಳೆಯುತ್ತಾರೆ. ಅವರ ಎಚ್13 ದರ್ಜೆಗೆ 99.95, ಎಚ್14ಕ್ಕೆ 99.995.

ಯಜಮಾನರು: ಯುದ್ಧದ ಮಾತು ಬಂತಲ್ಲ. ಈ ಕಾಗದಕ್ಕೂ ಯುದ್ಧಕ್ಕೂ ಏನು ಸಂಬಂಧ?

ಮಿತ್ರರು: ಹುಟ್ಟೇ ಅಲ್ಲಿ. ವಿಷಾನಿಲದ ಮುಖವಾಡಗಳಿಗೆ ಒಳ್ಳೆಯ ಕಾಗದ ಬೇಕಾಗಿತ್ತು. ಶತ್ರುಗಳಿಂದ ವಶಪಡಿಸಿಕೊಂಡ ಜರ್ಮನ್ ಮುಖವಾಡಗಳನ್ನು ಬಿಚ್ಚಿ ನೋಡಿದರೆ ಎಸ್ಪಾರ್ಟೊ ಎಂಬ ಹುಲ್ಲಿನ ನಾರಿನಲ್ಲಿ ಕಲ್ನಾರಿನ ನವುರಾದ ಎಳೆಗಳನ್ನು ಬೆರೆಸಿದ ಕಾಗದ ಸಿಕ್ಕಿತು. ಪರಮಾಣು ಬಾಂಬನ್ನು ತಯಾರಿಸುತ್ತಿದ್ದ ಅಮೆರಿಕನ್ನರಿಗೆ ವಿಕಿರಣ ಸೂಸುವ ಧೂಳು ಕಟ್ಟಡದ ಹೊರಗೆ ಹೋಗದಂತೆ ತಡೆಯಬೇಕಾಗಿತ್ತು. ಅವರು ಆ ಬಗೆಯ ಕಾಗದವನ್ನು ನೆರಿಗೆ ಹಿಡಿದು ಪೆಟ್ಟಿಗೆಯಲ್ಲಿ ಕೂರಿಸಿದರು. ಯುದ್ಧಾನಂತರ ಕಲ್ನಾರು ಹೋಗಿ ಗಾಜಿನ ನವಿರೆಳೆ ಬಂತು. 1960ರ ದಶಕದ ಮೊದಲಲ್ಲಿ ವಿಲ್ಲಿಸ್ ವಿಟ್‌ಫೀಲ್ಡ್ ಎಂಬಾತ ಕೋಣೆಯ ಒಂದು ಮೈಯೆಲ್ಲ ಇಂಥ ಶೋಧಕಗಳನ್ನೇ ಹೂಡಿ, ನಿರ್ಮಲ ಗಾಳಿಯನ್ನು ಒಂದೇ ಸಮನೆ ಹರಿಸಿ, ನನಗೆ ಅನ್ನ ಕೊಟ್ಟ ಕ್ಲೀನ್‌ರೂಮ್ ವಿದ್ಯೆಗೆ ತಳಪಾಯ ಹಾಕಿದ. ಹೊರಗಿನ ಲೋಕವನ್ನು ಒಳಗಿನ ವಿಷದಿಂದ ಕಾಯಲು ಪೆಟ್ಟಿಗೆ ಸೇರಿದ ಕಾಗದ ಇಂದು ಒಳಗಿನ ನಮ್ಮನ್ನು ಹೊರಗಿನ ಬೀದಿಯಿಂದ ಕಾಯುತ್ತಿದೆ.

ಯಜಮಾನರು: ಕಥೆ ಸೊಗಸಾಗಿದೆ, ಆದರೆ ನನ್ನ ಪಕ್ಷವನ್ನು ನಾನಿನ್ನೂ ಬಿಟ್ಟುಕೊಟ್ಟಿಲ್ಲ. ನಮ್ಮ ಹಳ್ಳಿಯಲ್ಲಿ ಜೈನರ ಮನೆಗಳಿದ್ದವು. ಬಾವಿಯಿಂದ ಸೇದಿದ ನೀರನ್ನು ಇಮ್ಮಡಿ ಮಡಿಸಿದ ಬಟ್ಟೆಯಲ್ಲಿ ಸೋಸದೆ ಅವರು ಮುಟ್ಟುತ್ತಿರಲಿಲ್ಲ. ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ, ಅದರಲ್ಲಿ ಉಳಿದ ಸೂಕ್ಷ್ಮ ಜೀವಿಗಳಿಗೆ ಕೇಡಾಗದಂತೆ, ಸೋಸಿದ ನೀರನ್ನೇ ಹೊಯ್ದು ಅದೇ ಬಾವಿಗೆ ಇಳಿಸುತ್ತಿದ್ದರು. ಬಟ್ಟೆಯನ್ನು ದಿನದಿನವೂ ತೊಳೆದರು, ಅದು ದಿನದಿನವೂ ಸೋಸಿತು. ಅಷ್ಟೇಕೆ, ನಿಮ್ಮ ವಿಜ್ಞಾನಿಗಳೇ ಬಾಂಗ್ಲಾದೇಶದಲ್ಲಿ ಹಳೆಯ ಸೀರೆಯಿಂದ ಕಾಲರಾ ತಡೆದರೆಂದು ಓದಿದ್ದೇನೆ. ಸೀರೆಗೆ ಸಲ್ಲುವ ನ್ಯಾಯ ಕಾಗದಕ್ಕೇಕೆ ಸಲ್ಲದು?

ಮಿತ್ರರು: ಆಹಾ, ನನ್ನ ವಾದಕ್ಕೆ ಬೇಕಾದ ಸಾಕ್ಷಿಯನ್ನು ನೀವೇ ಕರೆತಂದಿರಿ. ರೀಟಾ ಕಾಲ್ವೆಲ್ ಮತ್ತು ಅವರ ಸಂಗಡಿಗರ ಆ ಅಧ್ಯಯನ ಪ್ರಕಟವಾದದ್ದು 2003ರಲ್ಲಿ. ಹಳೆಯ ಹತ್ತಿಯ ಸೀರೆಯನ್ನು ನಾಲ್ಕು ಮಡಿಕೆಗೆ ಕಡಿಮೆಯಿಲ್ಲದಂತೆ ಮಡಿಸಿ ಕೊಡದ ಬಾಯಿಗೆ ಕಟ್ಟಿ ನೀರು ತುಂಬಿದ ಹಳ್ಳಿಗಳಲ್ಲಿ ಕಾಲರಾ ಸರಿಸುಮಾರು ಅರ್ಧಕ್ಕೆ ಇಳಿಯಿತು. ಅದರಲ್ಲಿ ಒಂದು ಸ್ವಾರಸ್ಯವುಂಟು: ಹೊಸ ಸೀರೆಗಿಂತ ಹಳೆಯ ಸೀರೆಯೇ ಮೇಲು. ಏಕೆಂದರೆ ಒಗೆದು ಒಗೆದು ನೂಲು ಬಿಚ್ಚಿ ನಾರುಗೆದರಿ, ನೇಯ್ಗೆಯ ಕಣ್ಣುಗಳು ಕಿರಿದಾಗುತ್ತವೆ. ಕಾಲರಾದ ಸೂಕ್ಷ್ಮಾಣು ಆ ಕಣ್ಣಿಗಿಂತ ಎಷ್ಟೋ ಚಿಕ್ಕದು, ಆದರೆ ಅದು ನೀರಿನಲ್ಲಿ ತೇಲುವ ಸಣ್ಣ ಹುಳುಗಳ ಮೈಗೆ ಅಂಟಿಕೊಂಡು ಬರುತ್ತದೆ. ಹುಳು ಬಟ್ಟೆಯಲ್ಲಿ ನಿಂತರೆ ಸವಾರನೂ ನಿಂತಂತೆ. ಇದು ಅಪ್ಪಟ ಜರಡಿಯ ಕೆಲಸ. ಜರಡಿಯ ಗುಣವೆಲ್ಲ ಅದರ ಕಣ್ಣಿನಲ್ಲಿರುವುದರಿಂದ, ಕಣ್ಣಿಗೆ ಕಟ್ಟಿದ್ದನ್ನು ತೊಳೆದು ತೆಗೆದರೆ ಗುಣ ಹಾಗೆಯೇ ಉಳಿಯುತ್ತದೆ. ನಿಮ್ಮ ಕಾಫಿ ಬಟ್ಟಲಿನದೂ ಅದೇ ಜಾತಿ. ಈ ಕಾಗದದ ಗುಣ ಕಣ್ಣಿನಲ್ಲಿಲ್ಲ, ಎಳೆಯ ಮೈಯಲ್ಲಿದೆ. ಮೈ ತೊಳೆದರೆ ಕೊಳೆಯ ಜೊತೆಗೆ ಗುಣವೂ ಹೋಗುತ್ತದೆ.

ಯಜಮಾನರು: ಮೈ ಹೋದದ್ದೆಲ್ಲಿ? ಕಣ್ಣೆದುರಿಗೇ ಇದೆ. ಎಳೆಯೊಂದೂ ಹರಿದಂತೆ ಕಾಣದು.

ಮಿತ್ರರು: ಕಾಣದಿರುವುದೇ ತೊಡಕು. ಮನೆಯ ಯಂತ್ರಗಳ ಕಾಗದ ಬಹುಮಟ್ಟಿಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ, ಬಿಸಿ ಗಾಳಿಯಿಂದ ಊದಿ ಎಳೆ ತೆಗೆದದ್ದು. ಆ ಎಳೆಗಳಿಗೆ ತಯಾರಿಕೆಯ ವೇಳೆಯಲ್ಲಿಯೇ ಬಹುಕಾಲ ನಿಲ್ಲುವಂಥ ವಿದ್ಯುದಾವೇಶವನ್ನು ಕೊಟ್ಟಿರುತ್ತಾರೆ. ಬಾಲ್ಯದಲ್ಲಿ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರುಗಳನ್ನು ಕುಣಿಸಿದ್ದೀರಲ್ಲ, ಆ ಸೆಳೆತವೇ ಇದು. ದೂರದಲ್ಲಿ ಹಾಯುವ ಕಣವನ್ನೂ ಎಳೆಯತ್ತ ಕರೆದುಕೊಳ್ಳುತ್ತದೆ. ಈ ಸೆಳೆತದ ಬಲದಿಂದಲೇ ಕಾಗದವನ್ನು ಒತ್ತಾಗಿ ಮಾಡದೆ, ಸಣ್ಣ ಪಂಖದಿಂದಲೇ ಗಾಳಿ ದಾಟುವಂತೆ ಹಗುರವಾಗಿ ಹೆಣೆಯಲು ಸಾಧ್ಯವಾಯಿತು. ಬರಿಯ ನೀರು ಈ ಆವೇಶವನ್ನು ಒಂದಿಷ್ಟು ಕುಂದಿಸೀತು. ಸೋಪು ಮತ್ತು ಸ್ಪಿರಿಟ್ಟು ಅಳಿಸಿಯೇ ಹಾಕುತ್ತವೆ. ಪರೀಕ್ಷಾಲಯಗಳಲ್ಲಿ ಆವೇಶವಿಲ್ಲದೆ ಶೋಧಕ ಎಷ್ಟು ಹಿಡಿದೀತೆಂದು ತಿಳಿಯಬೇಕಾದಾಗ, ಅದನ್ನು ಬೇಕೆಂದೇ ಕಳೆಯಲು ಬಳಸುವುದೂ ಸ್ಪಿರಿಟ್ಟಿನ ಆವಿಯನ್ನೇ. 2020ರಲ್ಲಿ ಎನ್95 ಮುಖಗವಸುಗಳನ್ನು ಸೋಪಿನಲ್ಲಿ ಒಗೆಯಬೇಡಿ ಎಂದು ಸಾರಿ ಸಾರಿ ಹೇಳಿದ್ದು ಇದೇ ಕಾರಣದಿಂದ. ಒಗೆದ ಗವಸು ನೋಡಲು ಗವಸಿನಂತೆಯೇ ಇರುತ್ತದೆ. ಒಳಗಿನ ಸೆಳೆತ ಮಾತ್ರ ಹೋಗಿರುತ್ತದೆ.

ಯಜಮಾನರು: ಗಾಜಿನ ಎಳೆಯದಾದರೆ? ಗಾಜನ್ನು ತೊಳೆಯದವರುಂಟೆ?

ಮಿತ್ರರು: ಗಾಜಿನ ಲೋಟವನ್ನು ತೊಳೆಯಬಹುದು, ಮೈಕ್ರೋಮೀಟರಿಗೂ ಕಿರಿದಾದ ಗಾಜಿನ ಎಳೆಯನ್ನು ಕಾಗದ ಮಾಡಿದರೆ ಅದು ನೆನೆದ ಹಪ್ಪಳ. ನೀರು ಬಿದ್ದರೆ ನೆರಿಗೆ ಜೋಲುತ್ತದೆ, ಕುಂಚ ತಾಗಿದರೆ ಎಳೆ ಮುರಿಯುತ್ತದೆ, ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ತೂತು ಬೀಳುತ್ತದೆ, ನೆಲಕ್ಕೆ ತಟ್ಟಿದರೆ ಚೌಕಟ್ಟಿಗೂ ಕಾಗದಕ್ಕೂ ನಡುವಿನ ಅಂಟು ಬಿರಿಯುತ್ತದೆ. ನಮ್ಮ ಕಾರ್ಖಾನೆಯಲ್ಲಿ ಶೋಧಕವನ್ನು ಕೂರಿಸಿದ ಮೇಲೆ ಅದರ ಬೆನ್ನಿಗೆ ಎಣ್ಣೆಯ ನವಿರಾದ ಮಂಜನ್ನು ಬಿಟ್ಟು, ಮುಂಬದಿಯ ಅಂಗುಲ ಅಂಗುಲವನ್ನೂ ಫೋಟೋಮೀಟರಿನ ಕೊಳವೆಯಿಂದ ಸವರಿ ನೋಡುತ್ತಿದ್ದೆವು. ಎಲ್ಲಿಯಾದರೂ ಮಂಜಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಹೆಚ್ಚು ಸೋರಿದರೆ ಶೋಧಕ ಅನುತ್ತೀರ್ಣ. ಸೂಜಿಯ ಮೊನೆಯಷ್ಟು ಸೀಳು ಸಾಕಿತ್ತು, ಕೆಂಪು ಚೀಟಿ ಬೀಳುತ್ತಿತ್ತು. ತೊಳೆದ ಶೋಧಕವನ್ನು ಹಿಡಿದು ಅಲ್ಲಿಗೆ ಬಂದಿದ್ದರೆ, ಸ್ವಾಮಿ, ನಿಮ್ಮನ್ನು ಗೇಟಿನಲ್ಲಿಯೇ ಕೂರಿಸುತ್ತಿದ್ದರು.

ಯಜಮಾನರು: ನಾನೇನೂ ಔಷಧ ತಯಾರಿಸುವುದಿಲ್ಲ. ಮನೆಗೆ ಅಷ್ಟು ಕಟ್ಟುನಿಟ್ಟು ಬೇಕೆ?

ಮಿತ್ರರು: ಬೇಡ. ಕೋಣೆಯ ಗಾಳಿ ಮತ್ತೆ ಮತ್ತೆ ಯಂತ್ರವನ್ನು ಹಾಯುವುದರಿಂದ ಒಂದೆರಡು ಪ್ರತಿಶತದ ಲೋಪವನ್ನು ಮನೆ ತಾಳಿಕೊಳ್ಳುತ್ತದೆ. ಆದರೆ ನಿಮ್ಮದು ಒಂದೆರಡರ ಲೋಪವಲ್ಲ. ನಾನೂ ನಿಮ್ಮ ಹಾಗೆಯೇ ಒಮ್ಮೆ ಮಾಡಿದವನು. ಬಲ್ಲವನ ತಪ್ಪಾದ್ದರಿಂದ ಅದಕ್ಕೆ ದೋಷ ಇಮ್ಮಡಿ. ಮಗನ ಮನೆಯಲ್ಲಿ ಹಳೆಯ ಶೋಧಕವನ್ನು ತೊಳೆದು, ಎರಡು ದಿನ ನೆರಳಿನಲ್ಲಿ ಆರಿಸಿ, ಧೂಳಿನ ಅಂಕಿ ತೋರಿಸುವ ಕೈಹಿಡಿಯ ಮಾಪಕವನ್ನು ಯಂತ್ರದ ಬಾಯಿಗೆ ಹಿಡಿದೆ. ಹೊಸ ಶೋಧಕವಿದ್ದಾಗ ಆ ಅಂಕಿ ಸೊನ್ನೆಯ ನೆರೆಮನೆಯಲ್ಲಿರುತ್ತಿತ್ತು. ತೊಳೆದದ್ದನ್ನು ಹಾಕಿದಾಗ ಕೋಣೆಯ ಅಂಕಿಗೂ ಯಂತ್ರದ ಬಾಯಿಯ ಅಂಕಿಗೂ ಹೆಚ್ಚು ದೂರವುಳಿಯಲಿಲ್ಲ. ಗಾಳಿ ಮಾತ್ರ ಬಹಳ ಚೆನ್ನಾಗಿ ಬೀಸುತ್ತಿತ್ತು. ಪಂಖದ ಸದ್ದು ಕೇಳಿ ಮಗು ನೆಮ್ಮದಿಯಾಗಿ ಮಲಗಿತ್ತು. ಅಂಕಿ ಕಂಡ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಯಜಮಾನರು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಹೋದ ವರ್ಷವೂ ಒಮ್ಮೆ ತೊಳೆದಿದ್ದೆ. ಆ ಮೇಲಿನ ತಿಂಗಳುಗಳಲ್ಲಿ ಆಕೆಯ ಕೆಮ್ಮು ಮರಳಿದ್ದಕ್ಕೆ ಕಾಂಗ್ರೆಸ್ ಗಿಡದ ಹೂವೇ ಕಾರಣವೆಂದು ಬಗೆದು, ಖಾಲಿ ನಿವೇಶನದ ಮಾಲೀಕನೊಡನೆ ಜಗಳವಾಡಿ ಬಂದೆ.

ಮಿತ್ರರು: ಗಿಡದ ಪಾಲೂ ಇದ್ದೀತು, ಅದರ ಪರಾಗ ಉಬ್ಬಸದವರಿಗೆ ಶತ್ರುವೇ. ಕೆಮ್ಮಿಗೆ ಕಾರಣ ಹೇಳುವುದು ವೈದ್ಯರ ಕೆಲಸ, ನನ್ನದಲ್ಲ. ನಾನು ಹೇಳಬಲ್ಲದ್ದು ಇಷ್ಟೇ: ಆ ತಿಂಗಳುಗಳಲ್ಲಿ ನಿಮ್ಮ ಯಂತ್ರ ದುಬಾರಿಯ ಒಂದು ಬೀಸಣಿಗೆಯಾಗಿತ್ತು.

ಯಜಮಾನರು: ಸರಿ, ತೊಳೆಯಲಿಲ್ಲವೆನ್ನಿ. ಕೊಳೆ ತುಂಬಿದಂತೆಲ್ಲ ಫಿಲ್ಟರು ಸೋಸುವುದು ಕಡಿಮೆಯಾಗುತ್ತದೆ, ಅದಕ್ಕೇ ಬದಲಾಯಿಸಬೇಕು, ಹೌದೆ?

ಮಿತ್ರರು: ಇಲ್ಲಿ ಮತ್ತೊಂದು ವೈಚಿತ್ರ್ಯ ಕೇಳಿ. ಗಾಜಿನ ಕಾಗದವಾದರೆ ಕೊಳೆ ಕೂತಂತೆಲ್ಲ ಸೋಸುವ ಗುಣ ಹೆಚ್ಚುತ್ತದೆ. ಸಿಕ್ಕಿದ ಕಣವೇ ಮುಂದಿನ ಕಣಕ್ಕೆ ಎಳೆಯಾಗಿ ನಿಲ್ಲುತ್ತದೆ. ಆವೇಶ ಪಡೆದ ಕಾಗದದಲ್ಲಿ ಮಾತ್ರ ಮೊದಮೊದಲು ಕೊಳೆ ಸೆಳೆತವನ್ನು ಮುಚ್ಚಿ ಗುಣ ಸ್ವಲ್ಪ ತಗ್ಗುವುದುಂಟು. ಎರಡರಲ್ಲಿಯೂ ಕಡೆಗೆ ಬರುವ ಕಂಟಕ ಒಂದೇ, ಗಂಟಲು ಕಟ್ಟುವುದು. ಹರಿದು ಬಂದದ್ದನ್ನು ಚೆನ್ನಾಗಿಯೇ ಸೋಸುತ್ತದೆ, ಆದರೆ ಹರಿದು ಬರುವುದೇ ಕಡಿಮೆಯಾಗುತ್ತದೆ. ಹತ್ತು ಕೊಡ ನೀರು ಬೇಕಾದ ಮನೆಗೆ ಒಂದೇ ಕೊಡ ಅಮೃತ ತಂದಿಟ್ಟಂತೆ. ಕಾರ್ಖಾನೆಯಲ್ಲಿ ಇದನ್ನು ತಿಳಿಯಲು ಶೋಧಕದ ಹಿಂದೆ ಮುಂದೆ ಒತ್ತಡ ಅಳೆಯುವ ಗಡಿಯಾರವಿರುತ್ತದೆ. ಹೊಸತರಲ್ಲಿ 250 ಪಾಸ್ಕಲ್ ತೋರಿಸಿದ ಮುಳ್ಳು ಅದರ ಇಮ್ಮಡಿಯ ಹತ್ತಿರಕ್ಕೆ ಬಂದಿತೆಂದರೆ ಶೋಧಕದ ಸೇವಾವಧಿ ಮುಗಿಯಿತೆಂದು ಲೆಕ್ಕ. ಮನೆಯ ಯಂತ್ರಕ್ಕೆ ಆ ಮುಳ್ಳಿಲ್ಲದ್ದರಿಂದ ಪಂಚಾಂಗ ನೋಡಿ ದೀಪ ಹಚ್ಚುತ್ತಾರೆ.

ಯಜಮಾನರು: ಹಾಗಾದರೆ ದೀಪವನ್ನು ನಂಬದವನು ಯಾವುದನ್ನು ನಂಬಬೇಕು?

ಮಿತ್ರರು: ಮಗ್ಗಿಯನ್ನು. ಚೀನಾದವರ ನಿಯಮದಲ್ಲಿ ಒಂದು ಅಳತೆಯಿದೆ: ಶೋಧಕಕ್ಕೆ ಹೊಗೆ ಉಣಿಸುತ್ತ ಹೋಗಿ, ಯಂತ್ರ ಕೊಡುವ ಶುದ್ಧ ಗಾಳಿ ಅರ್ಧಕ್ಕಿಳಿಯುವ ಹೊತ್ತಿಗೆ ಅದು ಎಷ್ಟು ಉಂಡಿತೆಂದು ತೂಗುತ್ತಾರೆ. 12,000 ಮಿಲಿಗ್ರಾಂ ದಾಟಿದರೆ ಅಲ್ಲಿನ ಅತ್ಯುಚ್ಚ ದರ್ಜೆ. ಎಂದರೆ ಹನ್ನೆರಡು ಗ್ರಾಂ, ನಾಲ್ಕು ಚಮಚ ಕಾಫಿ ಪುಡಿಯ ತೂಕಕ್ಕೂ ಹೆಚ್ಚಲ್ಲ. ನಿಮ್ಮ ಯಂತ್ರ ಗಂಟೆಗೆ 200 ಘನಮೀಟರ್ ಗಾಳಿ ಎಳೆಯುತ್ತದೆನ್ನಿ, ಕೋಣೆಯೊಳಗೆ ಘನಮೀಟರಿಗೆ 30 ಮೈಕ್ರೋಗ್ರಾಂ ನವುರು ಧೂಳು ಇದೆಯೆನ್ನಿ. ಗಂಟೆಗೆ ಆರು ಮಿಲಿಗ್ರಾಂ, ಹತ್ತು ಗಂಟೆಯ ದಿನಕ್ಕೆ ಅರುವತ್ತು, ಹನ್ನೆರಡು ಗ್ರಾಂ ತುಂಬಲು 200 ದಿನ. ಅದೇ ಯಂತ್ರ ಚಳಿಗಾಲದಲ್ಲಿ ದೆಹಲಿಯ ನಿಮ್ಮ ಮಗಳ ಮನೆಯಲ್ಲಿ, ಒಳಗಿನ ಅಂಕಿ 150 ಇರುವಾಗ ಓಡಿದರೆ 40 ದಿನ. ಲೆಕ್ಕ ಒರಟು, ಮನೆಯ ಧೂಳು ಪರೀಕ್ಷೆಯ ಹೊಗೆಯಂಥದಲ್ಲ, ಯಂತ್ರ ಓಡಿದಂತೆ ಕೋಣೆಯ ಅಂಕಿಯೂ ಇಳಿಯುತ್ತದೆ. ಆದರೂ ಊರಿಗೊಂದು ಆಯುಷ್ಯವೆಂಬುದು ಇದರಿಂದ ಖಚಿತ. ಆಕೆ ಬದಲಾಯಿಸುವ ಹೊತ್ತಿಗೆ ನೀವು ಬದಲಾಯಿಸಬೇಕಾಗಿಲ್ಲ.

ಯಜಮಾನರು: ಮೂವತ್ತೆಂದರೆ ಒಳ್ಳೆಯ ಗಾಳಿಯೊ, ಕೆಟ್ಟದ್ದೊ?

ಮಿತ್ರರು: ನಮ್ಮ ದೇಶದ ನಿಯಮಕ್ಕೆ ಒಳ್ಳೆಯದು, ವರ್ಷದ ಸರಾಸರಿ 40ರೊಳಗಿದ್ದರೆ ಸಾಕೆನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಈ ಎರಡು ಅಂಕಿಗಳ ನಡುವೆ ನಾವು ಉಸಿರಾಡುತ್ತಿದ್ದೇವೆ.

ಯಜಮಾನರು: ಆದರೂ ಎಸೆಯುವುದೆಂದರೆ ನನಗೆ ಕೈ ಬಾರದು. ಪ್ಲಾಸ್ಟಿಕ್ಕು, ಅಂಟು, ಎಳೆ ಎಲ್ಲವೂ ಬಿಡಿಸಲಾಗದಂತೆ ಬೆರೆತ ಈ ಉರುಳೆ ಮಣ್ಣಿಗೂ ಸೇರದು, ಗುಜರಿಯವನಿಗೂ ಬೇಡ. ಗಾಳಿಯನ್ನು ಶುದ್ಧಿ ಮಾಡಿ ನೆಲವನ್ನು ಕೊಳೆ ಮಾಡುವ ಈ ವ್ಯಾಪಾರಕ್ಕೆ ಏನೆನ್ನುತ್ತೀರಿ? ತೊಳೆಯಲು ಬರುವ ಹೆಪಾ ಎಂದೂ ಮಾರುತ್ತಾರಂತಲ್ಲ.

ಮಿತ್ರರು: ಮಾರುತ್ತಾರೆ. ನೆಲದ ಧೂಳೆಳೆಯುವ ಯಂತ್ರಗಳಲ್ಲಿ ಅಂಥವು ಹೆಚ್ಚು. ತಯಾರಿಸಿದವರೇ ತೊಳೆಯಿರಿ ಎಂದು ಬರೆದಿದ್ದರೆ ತಣ್ಣೀರಿನಲ್ಲಿ, ಸೋಪಿಲ್ಲದೆ, ಉಜ್ಜದೆ ತೊಳೆದು, ಒಂದು ಹಗಲು ಒಂದು ರಾತ್ರಿ ಪೂರ್ತಿ ಆರಿದ ಮೇಲೆ ಕೂರಿಸಬಹುದು. ಆರದೆ ಕೂರಿಸಿದರೆ ಬೂಷ್ಟು ಹಿಡಿದು, ಅದರ ಬೀಜವನ್ನು ಯಂತ್ರವೇ ಮನೆಗೆಲ್ಲ ಬಿತ್ತುತ್ತದೆ. ಬರೆದಿಲ್ಲದಿದ್ದರೆ ಮುಟ್ಟತಕ್ಕದ್ದಲ್ಲ. ವಾಸನೆ ಹೀರುವ ಇದ್ದಿಲಿನ ಪದರಕ್ಕೂ ಇದೇ ಮಾತು. ಬಿಸಿಲಿಗಿಟ್ಟರೆ ಇದ್ದಿಲು ಹೊಸತಾಗುವುದೆಂಬುದು ಹುಸಿ ಆಸೆ, ಅದನ್ನು ಮತ್ತೆ ಚೇತರಿಸಲು ಕುಲುಮೆಯ ಶಾಖ ಬೇಕು. ಎಸೆಯುವ ವ್ಯಥೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಆ ವ್ಯಥೆಗೆ ಪರಿಹಾರ ಶೋಧಕವನ್ನು ತೊಳೆಯುವುದರಲ್ಲಿಲ್ಲ, ಅದಕ್ಕೆ ಕೆಲಸ ಕಡಿಮೆ ಕೊಡುವುದರಲ್ಲಿದೆ. ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರಸಲಿ. ದೇವರ ಮುಂದೆ ಊದುಬತ್ತಿಯ ಕಂತೆ ಹಚ್ಚುವ ಬದಲು ಹೂವಿಡಲಿ. ಸೊಳ್ಳೆ ಬತ್ತಿಯ ಬದಲು ಪರದೆ ಕಟ್ಟಿ. ಮೆಣಸಿನಕಾಯಿ ಒಗ್ಗರಣೆಯ ಹೊತ್ತಿಗೆ ಅಡುಗೆಮನೆಯ ಕಿಟಕಿ ತೆರೆದು ಕೋಣೆಯ ಬಾಗಿಲು ಮುಚ್ಚಿ. ಹೊರಗೆ ಮಳೆ ಬಂದು ಗಾಳಿ ತಿಳಿಯಾದ ದಿನ ಯಂತ್ರಕ್ಕೂ ರಜೆ ಕೊಡಿ. ಅಷ್ಟು ಮಾಡಿದರೆ ಹನ್ನೆರಡು ಗ್ರಾಂ ತುಂಬುವುದಕ್ಕೆ ದಿನ ಹಿಡಿಯುತ್ತದೆ. ಬಿಸಾಡುವ ದಿನ ಬಂದಾಗ ಮೂಗಿಗೆ ಬಟ್ಟೆ ಕಟ್ಟಿ, ಅಂಗಳದಲ್ಲಿ, ಕೊಡವದೆ, ಚೀಲದಲ್ಲಿ ಕಟ್ಟಿ ಕಳುಹಿಸಿ.

ಯಜಮಾನರು: ಎಲ್ಲವೂ ಸರಿ. ಆದರೆ ಈ ಕೈಗಳಿಗೆ ತೊಳೆಯುವ ಪುಣ್ಯವನ್ನು ಒಂದಿಷ್ಟೂ ಉಳಿಸಲಿಲ್ಲವಲ್ಲ ನೀವು.

ಮಿತ್ರರು: ಉಳಿಸಿದ್ದೇನೆ. ಯಂತ್ರ ಎಲ್ಲಿದೆ? ಅದರ ಹೊರಕವಚದ ಒಳಮೈಗೆ ಒಂದು ಜಾಲರಿಯಿರಬೇಕು. ಕೂದಲು, ನೂಲು, ಹತ್ತಿಯ ತುಪ್ಪಳ, ಸೊಳ್ಳೆಯ ರೆಕ್ಕೆ ಎಲ್ಲವನ್ನೂ ಬಾಗಿಲಲ್ಲಿಯೇ ತಡೆಯುವ ದ್ವಾರಪಾಲಕ ಅದು. ಅದು ಅಪ್ಪಟ ಜರಡಿ, ನಿಮ್ಮ ಕಾಫಿ ಬಟ್ಟಲಿನ ತಮ್ಮ. ಎರಡು ವಾರಕ್ಕೊಮ್ಮೆ ಅದನ್ನು ತೊಳೆದರೆ ಒಳಗಿನ ಕಾಗದದ ಆಯುಷ್ಯ ಬೆಳೆಯುತ್ತದೆ.

ಯಜಮಾನರು: ಜಾಲರಿಯೆ? ಅಂಥದೊಂದನ್ನು ನಾನು ಕಂಡಿಲ್ಲ.

ಇಬ್ಬರೂ ಇಳಿದು ನಡುಮನೆಗೆ ಬಂದರು. ಮಿತ್ರರು ಯಂತ್ರದ ಕವಚದ ಒಂದು ಅಂಚನ್ನು ಬೆರಳಿನಿಂದ ಮೀಟಿದರು. ಒಳಗಿನಿಂದ ಹೊರಬಂದದ್ದನ್ನು ಜಾಲರಿಯೆಂದು ಗುರುತಿಸುವುದು ಕಷ್ಟವಾಗಿತ್ತು. ಎರಡು ವರ್ಷದ ಬೂದು ತುಪ್ಪಳ ಅದರ ಮೇಲೆ ಕಂಬಳಿಯಂತೆ ಹೊದೆದುಕೊಂಡಿತ್ತು. ತೊಳೆಯಬಾರದುದನ್ನು ಎರಡು ಸಲ ತೊಳೆದ ಆ ಶುಚಿವಂತರು, ತೊಳೆಯಲೆಂದೇ ಮಾಡಿದ್ದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕಾಫಿಯ ಲೋಟಗಳನ್ನು ಹಿಡಿದು ನಿಂತಿದ್ದ ಮನೆಯಾಕೆ, ಕೆಮ್ಮನ್ನು ತಡೆದುಕೊಂಡೋ ನಗುವನ್ನು ತಡೆದುಕೊಂಡೋ ತಿಳಿಯದಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಯಜಮಾನರು ಮಾತನಾಡಲಿಲ್ಲ. ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಜಾಲರಿಯನ್ನು ಹಿತ್ತಿಲ ನಲ್ಲಿಯ ಕೆಳಗೆ ಹಿಡಿದು, ಮೊದಲ ನೀರು ಕೆಸರಾಗಿ, ಎರಡನೆಯದು ಬೂದಿಯಾಗಿ, ಮೂರನೆಯದು ತಿಳಿಯಾಗಿ ಹರಿದು ಹೋಗುವವರೆಗೂ, ತಾಯಿ ಕಾಫಿ ಬಟ್ಟಲನ್ನು ಉಜ್ಜುತ್ತಿದ್ದ ಶ್ರದ್ಧೆಯಿಂದಲೇ ಉಜ್ಜುತ್ತ ಕುಳಿತರು. ಕೈ ಒರಸಿಕೊಂಡು ಬಂದು ಅವರು ಆಡಿದ ಮೊದಲ ಮಾತು ಹೊಸ ಫಿಲ್ಟರು ಮಾರುವ ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂಬುದು.